ಪೆಟ್ರಿ ತಟ್ಟೆಯಲ್ಲಿ ಕೆಲಸ ಮಾಡಿದ ಲವಂಗದ ಫಿಲ್ಮ್ ಪನೀರಿನ ಮೇಲೆ ಏಕೆ ಕೆಲಸ ಮಾಡುತ್ತಿಲ್ಲ?

ಪ್ರಶ್ನೆ: ಆಹಾರ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮಣ್ಣಿನಲ್ಲಿ ಕೊಳೆಯಬಲ್ಲ ಪ್ಯಾಕಿಂಗ್ ಫಿಲ್ಮ್‌ನೊಳಗೆ ಸಸ್ಯದ ಸಾರವನ್ನು ಸೇರಿಸಿ ಪನೀರಿನ ಬಾಳಿಕೆಯನ್ನು ಹೆಚ್ಚಿಸಬಹುದೇ ಎಂಬುದು ನನ್ನ ಪ್ರಬಂಧದ ವಿಷಯ. ಮರಗೆಣಸಿನ ಪಿಷ್ಟವನ್ನು ನೀರಿನಲ್ಲಿ ಕದಡಿ, 100 ಗ್ರಾಂ ಪಿಷ್ಟಕ್ಕೆ 30 ಗ್ರಾಂ ಗ್ಲಿಸರಾಲ್ (ಹಾಳೆಯನ್ನು ಮೃದುವಾಗಿಡುವ ದ್ರವ) ಸೇರಿಸಿ, ಗಂಜಿಯಾಗುವವರೆಗೆ ಕಾಯಿಸಿ, ಆರಿದ ಮೇಲೆ ಲವಂಗದ ಎಥನಾಲ್ ಸಾರವನ್ನು ಬೆರೆಸುತ್ತೇನೆ. ಆ ಗಂಜಿಯನ್ನು ಅಕ್ರಿಲಿಕ್ ತಟ್ಟೆಗಳಲ್ಲಿ ತೆಳುವಾಗಿ ಹರಡಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ ಸುಮಾರು 80 ಮೈಕ್ರಾನ್ ದಪ್ಪದ, ತಿಳಿಗಂದು ಬಣ್ಣದ, ಹರಿಯದೆ ಎದ್ದು ಬರುವ ಹಾಳೆ ಸಿಗುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ (ಪೆಟ್ರಿ ತಟ್ಟೆಯಲ್ಲಿನ ಪೋಷಕ ಜೆಲ್ಲಿ) ಮೇಲೆ ಈ ಹಾಳೆಯ ಬಿಲ್ಲೆಗಳನ್ನು ಇಟ್ಟಾಗ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಅಗಲವಾದ, ಸ್ವಚ್ಛವಾದ ತಡೆ ವಲಯ, ಅಂದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಕಾಣಿಸಿತು. ಇ. ಕೋಲಿಯ ವಿರುದ್ಧ ವಲಯ ಚಿಕ್ಕದಾಗಿದ್ದರೂ ಸ್ಪಷ್ಟವಾಗಿತ್ತು. ಸಾರವಿಲ್ಲದ ಹಾಳೆಯ ಸುತ್ತ ಯಾವ ವಲಯವೂ ಇರಲಿಲ್ಲ. ಆದರೆ ಅದೇ ಹಾಳೆಯಲ್ಲಿ ಪನೀರನ್ನು ಸುತ್ತಿ ಫ್ರಿಜ್ಜಿನಲ್ಲಿಟ್ಟು ಒಟ್ಟು ಬ್ಯಾಕ್ಟೀರಿಯಾ ಎಣಿಕೆ ಮಾಡಿದಾಗ, ಸಾಮಾನ್ಯ ಎಲ್‌ಡಿಪಿಇ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಪನೀರಿಗೂ ಇದಕ್ಕೂ ಗಮನಿಸುವಂಥ ವ್ಯತ್ಯಾಸವೇ ಕಾಣಲಿಲ್ಲ. ಸಾಲದ್ದಕ್ಕೆ ಹಾಳೆ ಮರುದಿನವೇ ಮೆತ್ತಗಾಗಿ ಪನೀರಿಗೆ ಅಂಟಿಕೊಂಡಿತು. ಬಿಡಿಸಿದಾಗ ಪನೀರಿನ ಮೈಮೇಲೆ ಲೋಳೆಯಂಥ ಪದರ ಉಳಿಯಿತು, ಪನೀರಿಗೆ ಲವಂಗದ ವಾಸನೆಯೂ ಹತ್ತಿತ್ತು.

ಸಾರದ ಪ್ರಮಾಣವನ್ನು ದ್ವಿಗುಣಗೊಳಿಸಿದರೆ ಫಲ ಸಿಗಬಹುದೇ, ಅಥವಾ ದೋಷ ಬೇರೆಲ್ಲಾದರೂ ಇದೆಯೇ? ಇಂಥ ಹಾಳೆಯನ್ನು ಮುಂದೆ ಮಾರುಕಟ್ಟೆಗೆ ತರುವುದಾದರೆ ಯಾವ ನಿಯಮಗಳಿಗೆ ಒಳಪಡಬೇಕಾಗುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಪ್ಯಾಕೇಜಿಂಗ್ ವಿಜ್ಞಾನಿ, ಮೈಸೂರು

ನಿಮ್ಮ ಪ್ರಯೋಗದ ವಿವರಣೆ ಅಚ್ಚುಕಟ್ಟಾಗಿದೆ, ಅದರಲ್ಲೂ ಸಾರವಿಲ್ಲದ ಹಾಳೆಯನ್ನು ಹೋಲಿಕೆಗೆ ಇಟ್ಟಿರುವುದು ಸಂತೋಷದ ವಿಷಯ. ಅನೇಕರು ಅದನ್ನೇ ಬಿಟ್ಟುಬಿಡುತ್ತಾರೆ. ಪ್ರಮಾಣವನ್ನು ದ್ವಿಗುಣಗೊಳಿಸುವ ಮೊದಲು, ನಿಮ್ಮ ಎರಡು ಪರೀಕ್ಷೆಗಳು ನಿಜವಾಗಿ ಏನನ್ನು ಅಳೆಯುತ್ತಿವೆ ಎಂಬುದನ್ನು ನೋಡೋಣ.

ಅಗರ್ ತಟ್ಟೆಯಲ್ಲಿ ಶೇ 95ಕ್ಕೂ ಹೆಚ್ಚು ಭಾಗ ನೀರು. ಕೊಬ್ಬು ಇಲ್ಲವೆಂದೇ ಹೇಳಬಹುದು. ಲವಂಗದ ಮುಖ್ಯ ಶಕ್ತಿಯಾದ ಯೂಜಿನಾಲ್ ಹಾಳೆಯಿಂದ ಹೊರಬಂದು ಆ ನೀರಿನಲ್ಲಿ ಹರಡುತ್ತದೆ, ಎದುರಾದ ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಸಡಿಲಗೊಳಿಸುತ್ತದೆ, ಒಳಗಿನ ದ್ರವ್ಯ ಸೋರಿ ಕೋಶ ಸಾಯುತ್ತದೆ. ಪನೀರಿನ ಕಥೆ ಬೇರೆ. ನಮ್ಮ ಆಹಾರ ಮಾನಕಗಳ ಪ್ರಕಾರ ಪನೀರಿನ ಒಣ ಭಾಗದಲ್ಲಿ ಹಾಲಿನ ಕೊಬ್ಬು ಶೇ 50ಕ್ಕಿಂತ ಕಡಿಮೆ ಇರುವಂತಿಲ್ಲ. ಯೂಜಿನಾಲ್ ನೀರಿಗಿಂತ ಎಣ್ಣೆಯನ್ನೇ ಹೆಚ್ಚು ಬಯಸುವ ವಸ್ತು. ಹಾಳೆಯಿಂದ ಹೊರಬಂದ ಕೂಡಲೇ ಅದರ ಬಹುಪಾಲು ಕೊಬ್ಬಿನ ಕಣಗಳೊಳಗೆ ಸೇರಿಕೊಳ್ಳುತ್ತದೆ, ಇನ್ನೊಂದಷ್ಟು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬದುಕುವುದು ಕೊಬ್ಬಿನಲ್ಲಲ್ಲ, ಪನೀರಿನ ಮೈಮೇಲಿನ ತೆಳುವಾದ ನೀರಿನ ಪದರದಲ್ಲಿ. ಅಲ್ಲಿಗೆ ತಲುಪುವ ಯೂಜಿನಾಲ್ ತೀರ ಸ್ವಲ್ಪ. ಪನೀರಿಗೆ ವಾಸನೆ ಹತ್ತಿದೆ ಎಂದು ನೀವೇ ಬರೆದಿದ್ದೀರಿ. ಔಷಧ ಎಲ್ಲಿಗೆ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯ ಮಾತು ಜೀವಿಗಳ ಆಯ್ಕೆಗೆ ಸಂಬಂಧಿಸಿದ್ದು, ನನ್ನ ದೃಷ್ಟಿಯಲ್ಲಿ ಇದು ಇನ್ನೂ ಮುಖ್ಯ. ನೀವು ಪರೀಕ್ಷಿಸಿದ ಸ್ಟ್ಯಾಫಿಲೊಕಾಕಸ್ ಸುರಕ್ಷತೆಯ ದೃಷ್ಟಿಯಿಂದ ಮಹತ್ವದ್ದೇ ಹೌದು, ಆದರೆ ಫ್ರಿಜ್ಜಿನ ತಂಪಿನಲ್ಲಿ ಪನೀರನ್ನು ಕೆಡಿಸುವುದು ಅದಲ್ಲ. ಆ ಕೆಲಸ ಮಾಡುವವು ಸ್ಯೂಡೊಮೊನಾಸ್‌ನಂಥ ತಂಪುಪ್ರಿಯ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟು. ಸ್ಯೂಡೊಮೊನಾಸ್ ಗ್ರಾಂ-ಋಣ ಗುಂಪಿಗೆ ಸೇರಿದ್ದು. ಈ ಗುಂಪಿನ ಕೋಶಗಳಿಗೆ ಲಿಪೊಪಾಲಿಸ್ಯಾಕರೈಡ್ ಇರುವ ಹೊರಪೊರೆಯೊಂದು ಹೆಚ್ಚುವರಿಯಾಗಿ ಇರುವುದರಿಂದ ಎಣ್ಣೆಯಂಥ ಅಣುಗಳು ಸುಲಭವಾಗಿ ಒಳನುಗ್ಗಲಾರವು. ಇ. ಕೋಲಿಯ ವಲಯ ಚಿಕ್ಕದಾಗಿದ್ದುದಕ್ಕೂ ಇದೇ ಕಾರಣ. ಸ್ಯೂಡೊಮೊನಾಸ್ ಇದರ ಜೊತೆಗೆ, ಒಳಬಂದ ವಿಷವನ್ನು ಹೊರದೂಡುವ ಪಂಪುಗಳನ್ನೂ ಹೊಂದಿರುವ ಗಟ್ಟಿ ಜೀವಿ. ಹೀಗಾಗಿ ನಿಮ್ಮ ತಟ್ಟೆಯ ಮೇಲಿದ್ದ ಶತ್ರುವೇ ಬೇರೆ, ಪನೀರಿನ ಮೇಲಿದ್ದ ಶತ್ರುವೇ ಬೇರೆ.

ಇನ್ನು ಹಾಳೆ ಮೆತ್ತಗಾದ ಸಂಗತಿ. ಪಿಷ್ಟ ಮತ್ತು ಗ್ಲಿಸರಾಲ್ ಎರಡೂ ನೀರನ್ನು ಎಳೆದುಕೊಳ್ಳುವ ವಸ್ತುಗಳು. ಅರ್ಧಕ್ಕರ್ಧ ನೀರೇ ಇರುವ ಪನೀರನ್ನು ಅವುಗಳಿಂದ ಸುತ್ತಿದರೆ ಹಾಳೆ ಊದಿಕೊಳ್ಳುತ್ತದೆ, ಊದಿದ ಜಾಲದಿಂದ ಸಾರವೆಲ್ಲ ಮೊದಲ ಕೆಲವು ಗಂಟೆಗಳಲ್ಲೇ ಹೊರಬಿದ್ದುಹೋಗುತ್ತದೆ. ಬ್ಯಾಕ್ಟೀರಿಯಾದ ಸಂಖ್ಯೆ ಏರತೊಡಗುವ ಹೊತ್ತಿಗೆ ಹಾಳೆಯಲ್ಲಿ ಉಳಿದಿರುವುದು ಬರೀ ಪಿಷ್ಟ, ಅದು ಅವುಗಳಿಗೆ ಆಹಾರವೂ ಆಗಬಲ್ಲದು.

ಒಂದು ಸಣ್ಣ ಲೆಕ್ಕವನ್ನೂ ಗಮನಿಸಿ. ಹಾಳೆಯು ಶೇ 99ರಷ್ಟು ಬ್ಯಾಕ್ಟೀರಿಯಾವನ್ನು ಕೊಂದಿತು ಎಂದು ಭಾವಿಸಿದರೂ, ಗ್ರಾಮಿಗೆ 10 ಲಕ್ಷ ಇದ್ದದ್ದು 10 ಸಾವಿರಕ್ಕೆ ಇಳಿಯುತ್ತದೆ, ಅಷ್ಟೆ. ನೂರು ಪಟ್ಟು ಮರಳಿ ಬೆಳೆಯಲು ಬ್ಯಾಕ್ಟೀರಿಯಾಕ್ಕೆ ಏಳು ಪೀಳಿಗೆಗಳೂ ಬೇಕಿಲ್ಲ. ತಂಪಿನಲ್ಲಿ ಒಂದು ಪೀಳಿಗೆಗೆ 8 ಗಂಟೆ ಹಿಡಿಯುತ್ತದೆಂದು ಇಟ್ಟುಕೊಂಡರೆ ನಿಮಗೆ ಸಿಗುವ ಲಾಭ ಎರಡು ದಿನಕ್ಕಿಂತ ತುಸು ಹೆಚ್ಚು. ಎರಡು ದಿನದ ಲಾಭವೂ ವ್ಯಾಪಾರದಲ್ಲಿ ದೊಡ್ಡದೇ, ಆದರೆ ಶೇ 99 ಎಂಬ ಅಂಕಿಯನ್ನು ಓದಿದಾಗ ಮೂಡುವ ನಿರೀಕ್ಷೆಗೂ ಅದಕ್ಕೂ ಬಹಳ ಅಂತರವಿದೆ. ಸಾರವನ್ನು ದ್ವಿಗುಣಗೊಳಿಸಿದರೆ ಖಚಿತವಾಗಿ ಹೆಚ್ಚುವುದು ಲವಂಗದ ಘಾಟು. ಪನೀರಿನಂಥ ಸೌಮ್ಯ ರುಚಿಯ ಪದಾರ್ಥದಲ್ಲಿ ಅದನ್ನು ಯಾರೂ ಒಪ್ಪಲಾರರು.

ಉತ್ತರ: ಹೋಳಿಗೆ ಮತ್ತು ರೊಟ್ಟಿ ತಯಾರಕಿ, ಹುಬ್ಬಳ್ಳಿ

ನಾನು ಪ್ರಯೋಗಾಲಯದವಳಲ್ಲ, ಆದರೆ ಈ ಚರ್ಚೆ ನಮ್ಮಂಥ ಸಣ್ಣ ತಯಾರಕರಿಗೆ ನೇರವಾಗಿ ಸಂಬಂಧಿಸಿದ್ದರಿಂದ ಬರೆಯುತ್ತಿದ್ದೇನೆ. ಬೇಳೆ ಹೋಳಿಗೆಗೆ ನಮ್ಮಲ್ಲಿ ದೊಡ್ಡ ತೊಂದರೆ ಬೂಷ್ಟು. ಹಂಚಿನಿಂದ ಇಳಿಸಿದ ಹೋಳಿಗೆಯನ್ನು ಪೂರ್ತಿ ಆರುವ ಮೊದಲೇ ಮುಚ್ಚಿದರೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೆವರು ಕಟ್ಟುತ್ತದೆ, ಹನಿಗಳು ಅಂಚಿಗೆ ಇಳಿಯುತ್ತವೆ, ಬೂಷ್ಟಿನ ಮೊದಲ ಬಿಳಿ ಚುಕ್ಕೆ ಆ ಅಂಚಿನಲ್ಲೇ ಏಳುತ್ತದೆ. ಹೋಳಿಗೆಯ ನಡುಭಾಗ ಆಗಲೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ನಾವು ಹೋಳಿಗೆಗಳನ್ನು ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಹರಡಿ ಆರಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಕಟ್ಟುತ್ತೇವೆ.

ವಿದ್ಯಾರ್ಥಿನಿಯವರಲ್ಲಿ ನನ್ನ ವಿನಂತಿ ಇಷ್ಟು. ಹೋಳಿಗೆಯಲ್ಲಿ ಏಲಕ್ಕಿ, ಜಾಯಿಕಾಯಿ ಮೊದಲೇ ಇರುತ್ತವೆ. ಅಲ್ಲಿ ತುಸು ಲವಂಗದ ಪರಿಮಳ ಬಂದರೆ ಗಿರಾಕಿಗಳು ಬೇಡವೆನ್ನುವುದಿಲ್ಲ. ಪನೀರಿನ ಬದಲು ಇಂಥ ಪದಾರ್ಥಕ್ಕೆ ನಿಮ್ಮ ಹಾಳೆಯನ್ನು ಹೊಂದಿಸಲು ಸಾಧ್ಯವಿಲ್ಲವೇ? ಖಡಕ್ ರೊಟ್ಟಿಗೆ ಮಾತ್ರ ಇದು ಸಲ್ಲದು ಎಂದು ಮೇಲಿನ ಉತ್ತರವನ್ನು ಓದಿದ ಮೇಲೆ ನನಗೆ ಅನ್ನಿಸಿತು, ಏಕೆಂದರೆ ನೀರನ್ನು ಎಳೆದುಕೊಳ್ಳುವ ಹಾಳೆಯೊಳಗೆ ರೊಟ್ಟಿ ಮೆತ್ತಗಾಗಿ ಗರಿಗರಿತನವನ್ನೇ ಕಳೆದುಕೊಳ್ಳುತ್ತದೆ.

ಉತ್ತರ: ಆಹಾರ ಗುಣಮಟ್ಟ ವಿಭಾಗದ ಉದ್ಯೋಗಿ, ಬೆಂಗಳೂರು

ನಿಯಮಗಳ ಬಗ್ಗೆ ಕೇಳಿದ್ದೀರಿ. ಭಾರತದಲ್ಲಿ ಆಹಾರಕ್ಕೆ ತಾಗುವ ಪ್ಯಾಕಿಂಗ್ ಸಾಮಗ್ರಿಗೆ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ) ಹೊರಡಿಸಿದ 2018ರ ಪ್ಯಾಕೇಜಿಂಗ್ ನಿಯಮಾವಳಿ ಅನ್ವಯಿಸುತ್ತದೆ. ಪ್ಲಾಸ್ಟಿಕ್ ಸಾಮಗ್ರಿಯಿಂದ ಆಹಾರಕ್ಕೆ ಇಳಿಯುವ ವಸ್ತುಗಳ ಒಟ್ಟು ಪ್ರಮಾಣ ಕಿಲೋಗೆ 60 ಮಿಲಿಗ್ರಾಂ, ಅಥವಾ ಒಂದು ಚದರ ಡೆಸಿಮೀಟರ್ ಹಾಳೆಗೆ 10 ಮಿಲಿಗ್ರಾಂ ಮೀರಬಾರದು, ಕಣ್ಣಿಗೆ ಕಾಣುವಂತೆ ಬಣ್ಣ ಇಳಿಯಲೂಬಾರದು.

ನಿಮ್ಮ ಹಾಳೆಯನ್ನೇ ಈ ಅಳತೆಗೆ ಒಡ್ಡಿ ನೋಡೋಣ. 80 ಮೈಕ್ರಾನ್ ದಪ್ಪದ, 10 ಸೆಂಟಿಮೀಟರ್ ಉದ್ದಗಲದ ಚೌಕದ ತೂಕ ಒಂದು ಗ್ರಾಮಿಗಿಂತ ತುಸು ಹೆಚ್ಚಿರುತ್ತದೆ. 100 ಗ್ರಾಂ ಪಿಷ್ಟಕ್ಕೆ 30 ಗ್ರಾಂ ಗ್ಲಿಸರಾಲ್ ಎಂದರೆ ಆ ಚೌಕದಲ್ಲಿ ಸುಮಾರು 250 ಮಿಲಿಗ್ರಾಂ ಗ್ಲಿಸರಾಲ್ ಇದೆ. ಒದ್ದೆ ಪನೀರಿಗೆ ಅದರ ಹತ್ತನೆಯ ಒಂದು ಭಾಗ ಇಳಿದರೂ 25 ಮಿಲಿಗ್ರಾಂ ಆಯಿತು, ಮಿತಿಯ ಎರಡೂವರೆ ಪಟ್ಟು. ಲವಂಗದ ಸಾರದ ಮಾತಿರಲಿ, ಹಾಳೆಯನ್ನು ಮೃದುವಾಗಿಡಲು ಸೇರಿಸಿದ ವಸ್ತುವೇ ಮೊದಲು ಎಡವಿಸುತ್ತದೆ. ಇಂಥ ಹಾಳೆಗಳ ಬಗೆಗಿನ ಪ್ರಬಂಧಗಳಲ್ಲಿ ಈ ಲೆಕ್ಕವನ್ನು ಆರಂಭದಲ್ಲೇ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅರಿಶಿನವನ್ನು ಬಳಸುವವರಿಗೆ ಬಣ್ಣದ ನಿಯಮವೂ ಅಷ್ಟೇ ತೊಡಕಿನದು. ಅರಿಶಿನದ ಹಳದಿ ಬಣ್ಣದ ವಸ್ತುವಾದ ಕರ್ಕ್ಯುಮಿನ್ ಕೊಬ್ಬಿಗೆ ಬಹಳ ಬೇಗ ಇಳಿಯುತ್ತದೆ.

ಹಾಳೆಯನ್ನು ತಿನ್ನಬಹುದಾದ ಲೇಪನವೆಂದು ಪರಿಗಣಿಸುವುದು ಇನ್ನೊಂದು ದಾರಿ. ಆಗ ಅದು ಪ್ಯಾಕಿಂಗ್ ಆಗಿ ಉಳಿಯದೆ ಆಹಾರದ ಭಾಗವಾಗುತ್ತದೆ. ಅದರಲ್ಲಿರುವ ಪ್ರತಿಯೊಂದು ವಸ್ತುವಿಗೂ ಆ ನಿರ್ದಿಷ್ಟ ಆಹಾರದಲ್ಲಿ ಅವಕಾಶವಿರಬೇಕು, ಎಲ್ಲವನ್ನೂ ಲೇಬಲ್ಲಿನಲ್ಲಿ ನಮೂದಿಸಬೇಕು. ಗ್ಲಿಸರಾಲ್ ಐಎನ್‌ಎಸ್ 422 ಎಂಬ ಸಂಖ್ಯೆಯ ಆಹಾರ ಸಂಯೋಜಕವೇ ಆದರೂ, ಅದನ್ನು ಪನೀರಿನಲ್ಲಿ ಬಳಸಬಹುದೇ ಎಂಬುದನ್ನು ನಿಯಮಾವಳಿಯ ಕೋಷ್ಟಕದಲ್ಲಿ ನೋಡಿಯೇ ಮುಂದುವರಿಯಬೇಕು.

ಸಸ್ಯದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ ಅಡಿಕೆ ಹಾಳೆ ತಟ್ಟೆಗಳೇ ಉದಾಹರಣೆ. ಹಾಳೆಯಲ್ಲಿರುವ ಆಲ್ಕಲಾಯ್ಡುಗಳು (ಸಸ್ಯಜನ್ಯ ರಾಸಾಯನಿಕಗಳು) ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅವುಗಳ ಆಮದಿಗೆ ತಡೆಯೊಡ್ಡಿತು. ಮಲೆನಾಡು ಮತ್ತು ಕರಾವಳಿಯ ಸಣ್ಣ ಘಟಕಗಳಿಗೆ ಅದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಆ ನಿರ್ಧಾರ ಸರಿಯೇ ಅಲ್ಲವೇ ಎಂಬ ಚರ್ಚೆ ಬೇರೆ. ಆಹಾರಕ್ಕೆ ಏನು, ಎಷ್ಟು ಇಳಿಯುತ್ತದೆ ಎಂಬ ಅಂಕಿಅಂಶವನ್ನು ಮೊದಲೇ ಕೈಯಲ್ಲಿಟ್ಟುಕೊಂಡವರು ಇಂಥ ಸಂದರ್ಭದಲ್ಲಿ ಉತ್ತರಿಸಬಲ್ಲರು.

ಕೊಳೆಯುವ ಗುಣದ ಬಗ್ಗೆಯೂ ಎರಡು ಮಾತು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಮಾರುವ ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಅದಕ್ಕೆ ಆಧಾರವಾದ ಐಎಸ್‌ಒ 17088 ಮಾನಕದ ಪ್ರಕಾರ 58 ಡಿಗ್ರಿ ಆಸುಪಾಸಿನ ಕಾಂಪೋಸ್ಟಿನಲ್ಲಿ 180 ದಿನಗಳೊಳಗೆ ಇಂಗಾಲದ ಶೇ 90 ಭಾಗ ಇಂಗಾಲದ ಡೈಆಕ್ಸೈಡ್ ಆಗಬೇಕು, 12 ವಾರಗಳ ನಂತರ 2 ಮಿಲಿಮೀಟರ್ ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಉಳಿಯಬಾರದು. ಆ ಗೊಬ್ಬರದಲ್ಲಿ ಬೀಜಗಳು ಮೊಳೆಯಬೇಕೆಂಬ ಪರೀಕ್ಷೆಯೂ ಇದೆ. ಲವಂಗದ ಎಣ್ಣೆಯನ್ನು ಸಾವಯವ ಕಳೆನಾಶಕವಾಗಿಯೂ ಬಳಸುತ್ತಾರೆ ಎಂಬುದನ್ನು ನೆನಪಿಡಿ. ಮಾಮೂಲಿ ಪ್ರಮಾಣದಲ್ಲಿ ಅದು ಕಾಂಪೋಸ್ಟಿನ ಬಿಸಿಗೆ ಆವಿಯಾಗಿ ಹೋಗಬಹುದು, ಆದರೆ ಪ್ರಬಂಧದಲ್ಲಿ ಮೊಳಕೆ ಪರೀಕ್ಷೆಯೊಂದನ್ನು ಸೇರಿಸಿದರೆ ಅದಕ್ಕೆ ತೂಕ ಬರುತ್ತದೆ.

ಮರುಪ್ರಶ್ನೆ: ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗ್ಲಿಸರಾಲ್ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಅಷ್ಟೇ ಬರುತ್ತದೆ. ಪಿಷ್ಟದ ಬದಲು ಕೈಟೋಸಾನ್ ಎಂಬ, ಹಾಳೆ ಕಟ್ಟಬಲ್ಲ ಜೈವಿಕ ವಸ್ತುವನ್ನು ಬಳಸಿದರೆ ಅದಕ್ಕೇ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ ಎಂದು ಓದಿದ್ದೇನೆ. ಆ ದಾರಿ ಸರಿಯೇ, ಅಥವಾ ಹೋಳಿಗೆಯ ಬಗ್ಗೆ ಮೇಡಂ ಅವರು ಸೂಚಿಸಿದಂತೆ ಆಹಾರವನ್ನೇ ಬದಲಿಸುವುದು ಒಳ್ಳೆಯದೇ?

ಉತ್ತರ: ನಿವೃತ್ತ ಪ್ಯಾಕೇಜಿಂಗ್ ವಿಜ್ಞಾನಿ, ಮೈಸೂರು

ನಾನಾಗಿದ್ದರೆ ಆಹಾರವನ್ನು ಬದಲಿಸುತ್ತಿದ್ದೆ. ಹುಬ್ಬಳ್ಳಿಯ ಸಹೋದರಿಯವರು ಕೊಟ್ಟಿರುವ ವಿವರ ಯಾವ ಪ್ರಯೋಗಾಲಯದ ಟಿಪ್ಪಣಿಗೂ ಕಡಿಮೆಯಿಲ್ಲ. ಬೂಷ್ಟು ಹುಟ್ಟುವುದು ಮೇಲ್ಮೈಯಲ್ಲಿ, ಅದಕ್ಕೆ ಗಾಳಿ ಬೇಕು, ಮತ್ತು ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್ ಇವೆಲ್ಲ ಆವಿಯ ರೂಪದಲ್ಲಿಯೂ ಬೂಷ್ಟನ್ನು ತಡೆಯಬಲ್ಲವು. ಆವಿಯಾಗಿ ಕೆಲಸ ಮಾಡಬೇಕಾದ ಹಾಳೆ ಆಹಾರಕ್ಕೆ ತಾಗಲೇಬೇಕೆಂದಿಲ್ಲ. ಸಾರವಿರುವ ಪಿಷ್ಟದ ಸಣ್ಣ ತುಂಡನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ, ಹೋಳಿಗೆಗಳ ನಡುವೆ ಎಂದಿನಂತೆ ಬಟರ್ ಪೇಪರ್ ಇರಲಿ. ಹಾಳೆ ಮೆತ್ತಗಾಗಿ ಅಂಟುವ ತೊಂದರೆ ತಪ್ಪುತ್ತದೆ, ಗ್ಲಿಸರಾಲ್ ಇಳಿಯುವ ಪ್ರಶ್ನೆಯೂ ಬಹುಪಾಲು ತಪ್ಪುತ್ತದೆ. ಪೆಟ್ಟಿಗೆಯೊಳಗಿನ ತೇವಾಂಶವೇ ಪಿಷ್ಟವನ್ನು ಸಡಿಲಿಸಿ ಸಾರವನ್ನು ಬಿಡಿಸುವುದರಿಂದ, ಪನೀರಿನಲ್ಲಿ ದೋಷವಾಗಿದ್ದ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೋಳಿಗೆಗೆ ಸವರಿದ ತುಪ್ಪವೂ ಆವಿಯನ್ನು ಹೀರುತ್ತದೆ ಎಂಬುದು ನಿಜ, ಆದ್ದರಿಂದ ಪರೀಕ್ಷೆಯನ್ನು ತುಪ್ಪ ಹಚ್ಚಿದ ಹೋಳಿಗೆಯ ಮೇಲೆಯೇ ಮಾಡಬೇಕು.

ಕೈಟೋಸಾನ್ ಒಳ್ಳೆಯ ವಸ್ತು. ಅದರ ಧನಾವೇಶವು ಬ್ಯಾಕ್ಟೀರಿಯಾದ ಋಣಾವೇಶದ ಹೊರಮೈಗೆ ಅಂಟಿಕೊಳ್ಳುತ್ತದೆ. ಸಿನ್ನಮಾಲ್ಡಿಹೈಡ್ ಜೊತೆ ಅದು ರಾಸಾಯನಿಕವಾಗಿ ಬೆಸೆದುಕೊಂಡು ನಿಧಾನವಾಗಿ ಬಿಡುಗಡೆ ಮಾಡುವ ಗುಣವನ್ನೂ ತೋರುತ್ತದೆ. ಆದರೆ ಅದು ಕರಗುವುದು ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲಗಳಲ್ಲಿ, ಒಣಗಿದ ಹಾಳೆಯಲ್ಲಿ ವಿನೆಗರ್ ವಾಸನೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾರುಕಟ್ಟೆಯ ಕೈಟೋಸಾನ್‌ನ ಬಹುಪಾಲು ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ಬರುತ್ತದೆ. ಹಬ್ಬದ ಹೋಳಿಗೆಗೂ ಪನೀರಿಗೂ ಅದನ್ನು ಲೇಪಿಸಿ ಹಸಿರು ಚುಕ್ಕೆ ಹಾಕುವಂತಿಲ್ಲ, ಕೊಳ್ಳುವವರಿಂದ ಆ ಸಂಗತಿಯನ್ನು ಮುಚ್ಚಿಡುವುದಂತೂ ಸಲ್ಲದು. ಶಿಲೀಂಧ್ರದಿಂದ ತೆಗೆದ ಕೈಟೋಸಾನ್ ಸಿಗುತ್ತದೆ, ಬೆಲೆ ಹೆಚ್ಚು.

ಇನ್ನೊಂದು ವಿಷಯವನ್ನು ಈಗಲೇ ಗಮನದಲ್ಲಿಡಿ. ತಟ್ಟೆಯಲ್ಲಿ ಹರಡಿ ಒಣಗಿಸುವ ವಿಧಾನ ಪ್ರಯೋಗಾಲಯಕ್ಕೆ ಸರಿ. ಕಾರ್ಖಾನೆಯಲ್ಲಿ ಕರಗಿಸಿ ಊದಿ ಹಾಳೆ ಮಾಡುವ ಯಂತ್ರಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 150 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಇರುತ್ತದೆ, ಸುಗಂಧ ತೈಲಗಳ ಒಳ್ಳೆಯ ಭಾಗ ಅಲ್ಲೇ ಹಾರಿಹೋಗುತ್ತದೆ. ನಿಮ್ಮ 40 ಡಿಗ್ರಿ ಒಣಗಿಸುವಿಕೆಯಲ್ಲೂ ಸ್ವಲ್ಪ ನಷ್ಟವಾಗಿಯೇ ಇರುತ್ತದೆ. ಸೇರಿಸಿದ್ದು ಎಷ್ಟು, ಒಣಗಿದ ಹಾಳೆಯಲ್ಲಿ ಉಳಿದದ್ದು ಎಷ್ಟು, ಒಂದು ತಿಂಗಳು ಇಟ್ಟ ಮೇಲೆ ಉಳಿದದ್ದು ಎಷ್ಟು ಎಂಬ ಮೂರನ್ನೂ ಗ್ಯಾಸ್ ಕ್ರೊಮಾಟೊಗ್ರಫಿಯಲ್ಲಿ (ಆವಿಯಾಗುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆದು ಬರೆಯಿರಿ. ಹಾಗೆ ಇಟ್ಟ ಹಾಳೆ ಬಿರುಸಾಗಿ ಸೀಳುತ್ತದೆಯೇ ಎಂಬುದನ್ನೂ ನೋಡಿ, ಏಕೆಂದರೆ ಪಿಷ್ಟದ ಅಣುಗಳು ದಿನ ಕಳೆದಂತೆ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ.

ಪರೀಕ್ಷೆಗೆ ಹುಬ್ಬಳ್ಳಿಯವರಿಂದಲೇ ಹೋಳಿಗೆ ತರಿಸಿಕೊಳ್ಳಿ. ಕೆಟ್ಟ ಹೋಳಿಗೆಯಿಂದ ಬೂಷ್ಟನ್ನು ಬೇರ್ಪಡಿಸಿ ಬೆಳೆಸಿ, ಅದೇ ಬೂಷ್ಟಿನ ಬೀಜಕಗಳನ್ನು ಹೊಸ ಹೋಳಿಗೆಯ ಅಂಚಿಗೆ ಹಚ್ಚಿ, ಸಾರವಿರುವ ಹಾಳೆ, ಸಾರವಿಲ್ಲದ ಹಾಳೆ, ಯಾವ ಹಾಳೆಯೂ ಇಲ್ಲದ ಪೆಟ್ಟಿಗೆ ಎಂದು ಮೂರು ಬಗೆಯಲ್ಲಿ ಇಡಿ. ಬೀಜಕ ಹಚ್ಚದ ಹೋಳಿಗೆಗಳನ್ನೂ ಅದೇ ರೀತಿ ಪ್ರತ್ಯೇಕ ಪೆಟ್ಟಿಗೆಗಳಲ್ಲಿಟ್ಟು, ಯಾವುದರಲ್ಲಿ ಏನಿತ್ತೆಂದು ಹೇಳದೆ ಹತ್ತಾರು ಜನರಿಗೆ ತಿನ್ನಲು ಕೊಡಿ. ಲವಂಗದ ಘಾಟು ಎಲ್ಲಿ ಮಿತಿ ಮೀರುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ, ಸಾರದ ಗರಿಷ್ಠ ಪ್ರಮಾಣವನ್ನು ಅಲ್ಲಿಂದಲೇ ಗೊತ್ತುಮಾಡಿಕೊಳ್ಳಿ.